ಮೂಗು ಸಾಹೇಬರ ಮನೆಯ ನಾತ

ನಮ್ಮ ಭಾವನ ಮೈಯಲ್ಲಿ ಸಂಬಳ ತರುತ್ತಿದ್ದದ್ದು ಮೂಗೊಂದೇ. ಸೋಪು, ಫಿನಾಯಿಲು, ಕೋಣೆಗೆ ಹೊಡೆಯುವ ಸ್ಪ್ರೇ ಇಂಥವನ್ನೆಲ್ಲ ಮಾಡುವ ಕಂಪನಿಯಲ್ಲಿ ಅವನು ಸುವಾಸನೆ ಪರೀಕ್ಷಕ. ಹೊಸದಾಗಿ ಬೆರೆಸಿದ ಸುಗಂಧದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಮೂಗಿನ ಕೆಳಗೆ ಆಡಿಸಿ, ಕಣ್ಣು ಮುಚ್ಚಿ, ಪಾಸೋ ಫೇಲೋ ಹೇಳುವುದು ಅವನ ಕೆಲಸ. ಅಲ್ಲಿ ಅವನನ್ನು ‘ಮೂಗು ಸಾಹೇಬರು’ ಅನ್ನುತ್ತಾರಂತೆ. ಅದು ತಮಾಷೆಗೆ ಇಟ್ಟ ಹೆಸರೆಂದು ಅವನಿಗೆ ಯಾರೂ ಹೇಳಿಲ್ಲ. ಅಕ್ಕನ ಗಂಡ ಅಂತ ಎದುರಿಗೆ ನಾನೂ ‘ನೀವು’ ಅಂತಲೇ ಮಾತಾಡಿಸುತ್ತೇನೆ. ಇಲ್ಲಿ ಅವನಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಸಲಿಗೆ.

ನಾನೂ ಅಮ್ಮನೂ ಇರುವ ಮನೆಗೆ ಬಂದರೆ ಹೊಸಿಲು ದಾಟುವ ಮೊದಲೇ ಅವನು ಮೂಗು ಮುರಿಯುತ್ತಿದ್ದ. “ಏನೋ ಮುಗ್ಗಲು ಇದ್ದ ಹಾಗಿದೆಯಲ್ಲ” ಎಂದು ನಾನು ಆಗಷ್ಟೇ ಒಗೆದು ಹಾಕಿದ ಪರದೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತಿದ್ದ. ಅವನ ಮನೆಯಲ್ಲಂತೂ ‘ನಾತ’ ಎಂಬ ಪದಕ್ಕೇ ಪ್ರವೇಶವಿರಲಿಲ್ಲ. “ನಾತ ಅನ್ನೋದು ತಿಳಿವಳಿಕೆ ಇಲ್ಲದವರ ಮಾತು. ಹಿತವಾಗಿದ್ರೆ ಘಮ, ಅತಿಯಾದ್ರೆ ಗಾಢ. ಅಷ್ಟೇ ಇರೋದು” ಅನ್ನುತ್ತಿದ್ದ. ಅಕ್ಕನೂ ಗಿಣಿಯ ಹಾಗೆ ಘಮ, ಗಾಢ ಅನ್ನುತ್ತಿದ್ದಳು. ಚರಂಡಿ ಉಕ್ಕಿ ಬೀದಿಗೆ ಬಂದ ದಿನ ಅವಳು ಕಿಟಕಿ ಮುಚ್ಚುತ್ತಾ “ಹೊರಗೆ ಸ್ವಲ್ಪ ಗಾಢವಾಗಿದೆ” ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅಂಥ ಅಕ್ಕ ಶುಕ್ರವಾರ ಬೆಳಿಗ್ಗೆ ಫೋನು ಮಾಡಿ, “ಮನೆ ನಾತ ಹೊಡೀತಿದೆ ಕಣೇ, ಬೇಗ ಬಾ” ಎಂದು ಪಿಸುಗುಟ್ಟಿದಳು.

ಅವಳ ಗಾಬರಿಗೆ ಕಾರಣವಿತ್ತು. ಭಾನುವಾರ ಕಂಪನಿಯ ಮಾಲೀಕರು ಮನೆಗೆ ಬರುವವರಿದ್ದರು. ಅಲ್ಲಿ ಹೊಸ ಪರೀಕ್ಷಾ ವಿಭಾಗ ತೆರೆಯುತ್ತಿದ್ದರು, ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಭಾವ ಸುಮ್ಮನಿರಬೇಕೋ ಬೇಡವೋ! “ಒಂದ್ಸಲ ನಮ್ಮನೆಗೆ ಬನ್ನಿ ಸಾರ್. ಒಳಗೆ ಕಾಲಿಟ್ರೆ ಸಾಕು, ನಾನು ಏನು ಅಂತ ಗೊತ್ತಾಗುತ್ತೆ” ಎಂದು ಜಂಬ ಕೊಚ್ಚಿ ಕರೆದು ಬಂದಿದ್ದ.

ನಾನು ಹೋಗಿ ಬಾಗಿಲು ತಳ್ಳಿದೆ. ಒಂದು ಸಿಹಿಸಿಹಿ ಕೊಳೆತ ವಾಸನೆ ಬಂದು ಗಂಟಲಲ್ಲೇ ಕೂತಿತು. ಮಾತಿಗೆ ನಿಲ್ಲದೆ ಕೆಲಸಕ್ಕೆ ಇಳಿದೆವು. ಸಿಂಕಿನ ಕೊಳವೆಗೆ ಅಡುಗೆ ಸೋಡಾ ಸುರಿದು, ವಿನಿಗರ್ ಹೊಯ್ದು, ಮೇಲೆ ಕುದಿಯುವ ನೀರು ಬಿಟ್ಟೆವು. ಫ್ರಿಜ್ ಎಳೆದು ಅದರ ಹಿಂದಿನ ನೀರಿನ ತಟ್ಟೆ ತೊಳೆದೆವು. ಹಾಸಿಗೆಗಳನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕಿದೆವು. ಪರದೆ ಒಗೆದೆವು, ಮೂಲೆಮೂಲೆಗೆ ಇದ್ದಿಲು ಇಟ್ಟೆವು. ಅಡುಗೆಮನೆ, ಮಲಗುವ ಕೋಣೆ ಎಲ್ಲ ಹಗುರಾಯಿತು. ನಡುಮನೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೂಸುತ್ತಾ ಮೂಸುತ್ತಾ ಹೋದೆ. ಭಾವನ ಕಪಾಟಿನ ಸಂದಿಗೆ ಮೂಗಿಟ್ಟೆ, ಇಟ್ಟ ವೇಗದಲ್ಲೇ ಹಿಂದಕ್ಕೆ ಹಾರಿದೆ.

“ಇಲ್ಲೇ ಇದೆ ಕಣೇ! ಬೀಗದ ಕೈ ಕೊಡು.”

“ಅದು ಅವರ ಜೇಬಲ್ಲಿರುತ್ತೆ. ಸ್ಯಾಂಪಲ್ ಇಡೋ ಕಪಾಟು ಅದು. ಬೇರೆ ಗಾಳಿ ತಾಗಿದ್ರೆ ಕೆಡುತ್ತಂತೆ.”

“ಈಗ ಗಾಳಿಗೇ ಅದು ತಾಗಿ ಕೆಟ್ಟಿದೆ. ಭಾವ ಬರ್ಲಿ, ತೆಗೆಸೋಣ. ದಿನಾ ಇದರ ಪಕ್ಕದಲ್ಲೇ ಕೂತ್ಕೋತಾರಲ್ಲ, ಅವರಿಗೇನಾಗಿದೆ?”

ಅಕ್ಕ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದಳು.

ಸಂಜೆ ಭಾವ ಬಂದು ಅಡುಗೆಮನೆಯ ಮೇಜಿನ ಮುಂದೆ, ಒಲೆಗೆ ಬೆನ್ನು ಹಾಕಿ, ಪೇಪರು ಹರಡಿಕೊಂಡು ಕೂತ. ನಾನು ಹಾಲು ಕಾಯಲು ಇಟ್ಟು, “ಸ್ವಲ್ಪ ನೋಡ್ಕೊಳ್ಳಿ ಭಾವ” ಅಂದು ಹಾಸಿಗೆ ತರಲು ತಾರಸಿಗೆ ಹೋದೆ. ಇಳಿಯುವಾಗ ಮೆಟ್ಟಿಲಲ್ಲೇ ಸೀದ ಕಮಟು ಮೂಗಿಗೆ ಹೊಡೆಯಿತು. ಓಡಿ ಬಂದು ನೋಡಿದರೆ ಹಾಲೆಲ್ಲ ಉಕ್ಕಿ ಹೋಗಿ ಪಾತ್ರೆಯ ತಳ ಕರಿಹಿಡಿದಿತ್ತು. ಮೂಗು ಸಾಹೇಬರು ಒಲೆಯಿಂದ ಮಾರು ದೂರದಲ್ಲಿ ಕೂತು ತಣ್ಣಗೆ ಪುಟ ತಿರುಗಿಸುತ್ತಿದ್ದರು.

“ಭಾವಾ, ಹಾಲು!” ಎಂದು ಕಿರುಚಿದೆ.

ಅವನು ಬೆಚ್ಚಿ ತಿರುಗಿ ನೋಡಿದ. ಮರುಕ್ಷಣವೇ ಮುಖ ಗಂಭೀರ ಮಾಡಿಕೊಂಡ. “ಗೊತ್ತು, ಗೊತ್ತು. ಸ್ವಲ್ಪ ಗಾಢವಾಗ್ಲಿ ಅಂತ ನಾನೇ ಬಿಟ್ಟಿದ್ದೆ.”

ಅಕ್ಕನನ್ನು ತಾರಸಿಗೆ ಎಳೆದುಕೊಂಡು ಹೋಗಿ ಗೋಡೆಗೆ ಒತ್ತಿ ನಿಲ್ಲಿಸಿದೆ. ಆಗ ಬಾಯಿ ಬಿಟ್ಟಳು. ಹೋದ ವರ್ಷ ಬಂದ ಜ್ವರದಲ್ಲಿ ಭಾವನಿಗೆ ವಾಸನೆ ಹಿಡಿಯುವ ಶಕ್ತಿ ಪೂರ್ತಿ ಹೋಗಿತ್ತು. ಅಂದಿನಿಂದ ಪರೀಕ್ಷೆಯ ಪಟ್ಟಿಗಳನ್ನು ಮನೆಗೆ ತರುತ್ತಾನೆ. “ನಿಂಗೂ ಸ್ವಲ್ಪ ಕಲಿಸೋಣ, ಹೇಳು ನೋಡೋಣ” ಎಂದು ಅಕ್ಕನ ಮುಂದೆ ಹಿಡಿಯುತ್ತಾನೆ. ಅವಳು ಮೂಸಿ ಘಮ ಅಂದರೆ ಮಾರನೇ ದಿನ ಅದು ಪಾಸು, ಗಾಢ ಅಂದರೆ ಫೇಲು. ನಾಲ್ಕು ಜನರ ಮಧ್ಯೆ ಇದ್ದಾಗಲೂ ಇವಳು ಯಾವ ಪದ ಆಡುತ್ತಾಳೆಂದು ಕಿವಿ ನೆಟ್ಟಿರುತ್ತಾನೆ.

“ಮೂಗು ಹೋಗಿದೆ ಅಂತ ನಿನ್ನ ಹತ್ರ ಹೇಳಿದ್ದಾರಾ?”

“ಇಲ್ಲ. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತು. ಮಾತು ಮಾತ್ರ ಆಡೋ ಹಾಗಿಲ್ಲ. ನಿಮ್ಮ ಕಪಾಟು ನಾತ ಹೊಡೀತಿದೆ ಅಂದ್ರೆ, ಅದು ನಿಮಗೆ ಗೊತ್ತಾಗ್ತಿಲ್ಲ ಅಂದ ಹಾಗೇ ಆಗುತ್ತಲ್ವೇನೇ? ಈ ಕೆಲಸ ಹೋದ್ರೆ ಅವ್ರು ತಲೆ ಎತ್ತಿ ಓಡಾಡಲ್ಲ.”

ಅವಳ ಕಣ್ಣಲ್ಲಿ ನೀರು. ನನ್ನ ಹೊಟ್ಟೆಯಲ್ಲಿ ಬೆಂಕಿ. ಇಡೀ ವರ್ಷ ಈ ಮನುಷ್ಯ ನನ್ನ ಪರದೆಗೆ ಮುರಿದದ್ದು ಕೆಲಸಕ್ಕೆ ಬಾರದ ಮೂಗನ್ನು! ಆ ಮುಗ್ಗಲು ಹೋಗಲೆಂದು ನಾನು ಎಷ್ಟು ಸಲ ಆ ಪರದೆ ಒಗೆದಿದ್ದೆನೋ ನನಗೇ ಲೆಕ್ಕವಿಲ್ಲ.

ಆದರೂ ಅಕ್ಕನ ಮುಖ ನೋಡಿ ಒಂದು ಉಪಾಯಕ್ಕೆ ಒಪ್ಪಿದೆ. ಮಾಲೀಕರು ಬಂದು ಕೂತ ಕೂಡಲೇ ಅಕ್ಕ ಕಾಫಿ ತಟ್ಟೆ ಹಿಡಿದು ಬಂದು, “ಬೆಳಿಗ್ಗೆಯಿಂದ ಚರಂಡಿ ಗಾಢವಾಗಿದೆ” ಅನ್ನಬೇಕು. ಭಾವ ಆ ಪದ ಹಿಡಿದುಕೊಂಡು ಬೀದಿಯನ್ನು ಬೈಯುತ್ತಾನೆ. ಅಲ್ಲಿಗೆ ಮಾನ ಉಳಿಯುತ್ತದೆ.

ನಾವು ಮರೆತದ್ದು ಅಮ್ಮನನ್ನು. ಮನೆಗೆ ದೊಡ್ಡವರು ಬರುತ್ತಾರೆಂದರೆ ಅಮ್ಮ ಕರೆಯದಿದ್ದರೂ ಹಾಜರು. ಅವಳ ಬಾಯಲ್ಲಿ ನೆಟ್ಟಗಿನ ಮಾತು ಹೊರಡುವುದೇ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ “ಇನ್ನೊಂದು ಹಿಡಿ ಹಾಕಬೇಕಿತ್ತು” ಅನ್ನುತ್ತಾಳೆ. ನಾನು ತಡವಾಗಿ ಬಂದರೆ “ಇಷ್ಟು ಬೇಗ ಯಾಕಮ್ಮ ಬಂದೆ?” ಅನ್ನುತ್ತಾಳೆ. ನಮಗೆಲ್ಲ ಅದನ್ನು ತಿರುವಿ ಕೇಳಿಸಿಕೊಂಡು ಅಭ್ಯಾಸ. ಅಳಿಯ ಮಹಾಶಯನಿಗೆ ಮಾತ್ರ ಅತ್ತೆಯ ಹೊಗಳಿಕೆ ಎಂದೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು. ತನ್ನನ್ನು ಯಾರಾದರೂ ಲೇವಡಿ ಮಾಡಬಹುದೆಂಬುದು ಅವನ ತಲೆಗೆ ಹೊಳೆಯುವ ವಿಷಯವೇ ಅಲ್ಲ.

ಭಾನುವಾರ ಮಾಲೀಕರು ಬಂದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಒಳಗೆ ಕಾಲಿಟ್ಟವರು ಮೆಲ್ಲಗೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಬೆಳಿಗ್ಗೆ ಭಾವನೇ ಅರ್ಧ ಡಬ್ಬಿ ಮಲ್ಲಿಗೆ ಸ್ಪ್ರೇ ಹೊಡೆದಿದ್ದ, ಕೊಳೆತದ್ದಕ್ಕೆ ಮಲ್ಲಿಗೆಯೂ ಸೇರಿ ಇನ್ನಷ್ಟು ಅಸಹ್ಯವಾಗಿತ್ತು. ಅಕ್ಕ ಅಡುಗೆಮನೆಯಲ್ಲಿ ಕಪ್ಪುಗಳನ್ನು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

“ಅಬ್ಬಬ್ಬಾ! ಏನು ಘಮಘಮ ಅಂತಿದೆಯಪ್ಪ ಮನೆ! ಬಂದವರಿಗೆ ಎದ್ದು ಹೋಗೋಕೇ ಮನಸ್ಸು ಬರಬಾರದು!”

ನಾನು ಅಮ್ಮನ ಕಡೆ ಕಣ್ಣು ಬಿಟ್ಟೆ. ಭಾವ ಮಾತ್ರ ಅರಳಿದ. ಘಮ ಅನ್ನುವ ಪದ ಕಿವಿಗೆ ಬಿದ್ದಿತ್ತಲ್ಲ, ಇನ್ನೇನು ಬೇಕು? ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಆ ಗಾಳಿಯನ್ನು ಪೂರ್ತಿ ಒಳಗೆಳೆದುಕೊಂಡ.

“ನೋಡಿದ್ರಾ ಸಾರ್, ನಮ್ಮತ್ತೆಗೂ ಗೊತ್ತಾಯ್ತು. ಇದು ನಾನೇ ಬೆರೆಸಿದ್ದು. ಮೊದಲು ಮಲ್ಲಿಗೆ ಬರುತ್ತೆ, ಹಿಂದೇನೇ ಇನ್ನೊಂದು ಬರುತ್ತೆ, ಅದರ ಗುಟ್ಟು ಆಮೇಲೆ ಹೇಳ್ತೀನಿ. ಏನು ಮಾಡಿದ್ರೂ ಹೋಗಲ್ಲ ಸಾರ್ ಈ ಘಮ!”

ಕೊನೆಯ ಮಾತಾದರೂ ನಿಜವಾಗಿತ್ತು. ಅಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಮಾಲೀಕರು ಕರವಸ್ತ್ರ ಇಳಿಸಿ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟರಲ್ಲಿ ಅಕ್ಕ ತಟ್ಟೆ ಹಿಡಿದು ಬಂದಳು.

“ಅಮ್ಮಾ, ನೀವು ಹೇಳಿ. ಇದು ಏನು ವಾಸನೆ?” ಎಂದು ಅಕ್ಕನನ್ನು ಕೇಳಿದರು ಮಾಲೀಕರು.

ಭಾವ ಹುಬ್ಬೆತ್ತಿ ಅಕ್ಕನ ಬಾಯನ್ನೇ ನೋಡುತ್ತಿದ್ದ. ಘಮ ಅಂದುಬಿಡು ಎಂಬ ಅಪ್ಪಣೆ ಆ ಹುಬ್ಬಿನಲ್ಲಿತ್ತು. ಅವನ ಜೊತೆ ಇವಳೂ ಮೂರ್ಖಳಾಗಬೇಕು, ಅದೂ ಪರರ ಮುಂದೆ. ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟಳು, ಕೈ ಒರೆಸಿಕೊಂಡಳು.

“ನಾತ ಸಾರ್,” ಅಂದಳು. “ಕೊಳೆತ ನಾತ. ಆ ಕಪಾಟಿಂದ ಬರ್ತಿದೆ. ಇವ್ರಿಗೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ಇವ್ರಿಗೆ ಯಾವ ವಾಸನೆಯೂ ಬರಲ್ಲ.”

“ಹಾಗಾದ್ರೆ ಇಷ್ಟು ದಿನ ಪಾಸು ಮಾಡಿದ್ದು ಯಾರು?”

“ನಾನು.”

ಮಾಲೀಕರು ಕಾಫಿ ಮುಟ್ಟಲಿಲ್ಲ. ಎದ್ದು, ಬಾಗಿಲ ಬಳಿ ನಿಂತು, “ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ. ಪರೀಕ್ಷೆ ಕೋಣೆಗೆ ಮಾತ್ರ ಹೋಗಬೇಡಿ” ಎಂದು ಹೇಳಿ ಇಳಿದು ಹೋದರು. ಭಾವನ ಮುಖ ಸುಣ್ಣ ಬಳಿದ ಹಾಗಾಗಿತ್ತು. ಅಕ್ಕನನ್ನು ಬೈಯುತ್ತಾನೆಂದು ನಾನು ತೋಳೇರಿಸಿ ನಿಂತಿದ್ದೆ. ಬೈಯಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಕಪಾಟು ತೆರೆದ.

ಅಕ್ಕಪಕ್ಕದಲ್ಲೇ ಕಂಪನಿಯ ಎರಡು ಚೀಲಗಳಿದ್ದವು. ಒಂದರಲ್ಲಿ ಸ್ಯಾಂಪಲ್ ಬಾಟಲಿಗಳು. ಇನ್ನೊಂದರಲ್ಲಿ ಆಲೂಗಡ್ಡೆ, ಅಂದರೆ ಒಂದು ಕಾಲದಲ್ಲಿ ಆಲೂಗಡ್ಡೆಯಾಗಿದ್ದದ್ದು. ತಿಂಗಳ ಕೆಳಗೆ ಅಕ್ಕ ತರಲು ಹೇಳಿದ್ದಳಂತೆ. ತಂದಿದ್ದೀನಿ ಅಂತ ಅವನು, ತಂದಿಲ್ಲ ಅಂತ ಇವಳು ಜಗಳವನ್ನೂ ಆಡಿದ್ದರಂತೆ. ಸಾಹೇಬರು ತಂದದ್ದು ನಿಜ, ಸ್ಯಾಂಪಲ್ ಜೊತೆ ಬೀಗ ಹಾಕಿ ಕಾಪಾಡಿದ್ದೂ ನಿಜ.

ನಾನೂ ಅಮ್ಮನೂ ಮೂಗು ಹಿಡಿದುಕೊಂಡು ಬಾಗಿಲಾಚೆ ಓಡಿದೆವು. ಅಕ್ಕ ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನಿಂತಳು. ಭಾವ ಚೀಲವನ್ನು ಹೊರಗೆಸೆದು ಬಂದು, ಮಂಡಿಯೂರಿ, ಆ ಕಪ್ಪು ಲೋಳೆಯನ್ನು ಬರಿಗೈಯಲ್ಲಿ ಬಳಿದ. ಮನೆಯಲ್ಲಿ ಮೂಗು ಮುಚ್ಚಿಕೊಳ್ಳದೆ ಆ ಕೆಲಸ ಮಾಡಬಲ್ಲವನು ಅವನೊಬ್ಬನೇ ಇದ್ದ. ನನಗೆ ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಅಂತೂ ಈ ಮನುಷ್ಯ ಯೋಗ್ಯತೆಗೆ ತಕ್ಕ ಕೆಲಸಕ್ಕೆ ಬಂದ ಅಂದುಕೊಂಡೆ.

ಅವನು ವಿನಿಗರ್ ನೀರು ಹಾಕಿ, ಬ್ರಷ್ ಹಿಡಿದು, ಹಲಗೆ ಹಲಗೆಯನ್ನೂ ತಿಕ್ಕಿದ. ಬೆವರು ಹನಿಯಿತು. ಕೊನೆಗೆ ಕೈ ನಿಲ್ಲಿಸಿದ. ತಿರುಗಿ ನೋಡಲಿಲ್ಲ.

“ಹೋಯ್ತಾ?” ಎಂದು ಕೇಳಿದ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಕ್ಕ ಮುಖದ ಮೇಲಿನ ಬಟ್ಟೆ ತೆಗೆದಳು. ಅವನ ಪಕ್ಕದಲ್ಲಿ ಬಗ್ಗಿ, ಕಪಾಟಿನೊಳಗೆ ತಲೆ ಹಾಕಿ ಮೂಸಿದಳು.

“ಇಲ್ಲ ರೀ. ಇನ್ನೂ ನಾತ ಇದೆ. ಆ ಮೂಲೇಲಿ ಉಜ್ಜಿ.”