ಒಂದಕ್ಕೆ ನಾಲ್ಕು ಪಾಲು ನೀರು

ನಮ್ಮ ಯಜಮಾನರ ಕೈಗೆ ಏನು ಸಿಕ್ಕರೂ ಅದಕ್ಕೆ ನೀರು ಬೀಳುತ್ತದೆ. ನಲವತ್ತು ವರ್ಷದಿಂದ ಮನೆಗಳಿಗೆ ಬಣ್ಣ ಬಳಿಯುತ್ತಾ ಬಂದವರು. ಡಬ್ಬದಲ್ಲಿರುವುದನ್ನು ಇದ್ದ ಹಾಗೇ ಬಳಸುವವನಿಗೆ ಕೆಲಸ ಗೊತ್ತಿಲ್ಲ ಅನ್ನುವುದು ಅವರ ನಂಬಿಕೆ. ಕೈ ತೊಳೆಯುವ ಸೋಪಿನ ಬಾಟಲಿ ಅರ್ಧಕ್ಕೆ ಇಳಿಯಿತೋ, ನಲ್ಲಿಯ ಕೆಳಗೆ ಹಿಡಿದರು. ಮತ್ತೆ ಅರ್ಧವಾಯಿತೋ, ಮತ್ತೆ ನಲ್ಲಿ. ಮೂರನೆಯ ಸಲಕ್ಕೆ ಅದರಲ್ಲಿ ಬಣ್ಣ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಇದಕ್ಕಾಗಿ ಜಗಳ ಆಡಿದ್ದೂ ಉಂಟು, ಮುನಿಸಿಕೊಂಡು ಮಲಗಿದ್ದೂ ಉಂಟು. ಆಮೇಲೆ ಯಾವಾಗಲೋ ನಾನೂ ಅದನ್ನೇ ಮಾಡತೊಡಗಿದೆ.

ಮಗಳಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಕೂಸು ಇಪ್ಪತ್ತಾರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಎರಡು ಕೆಜಿ ತೂಗದ ಅದನ್ನು ನಾವು ಗುಂಡ ಅಂತ ಕರೆಯತೊಡಗಿದ್ದು ನಮ್ಮ ಧೈರ್ಯಕ್ಕೆ. ಮನೆಗೆ ಕಳಿಸುವಾಗ ನರ್ಸಮ್ಮ ಒಂದೇ ಮಾತನ್ನು ಹತ್ತು ಸಲ ಹೇಳಿದರಂತೆ: ಯಾರೇ ಮುಟ್ಟಲಿ, ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು.

ಮಗಳು ಮಗುವಿನ ಜೊತೆ ನಮ್ಮಲ್ಲಿಗೇ ಬಂದಳು. ಯಜಮಾನರು ಬಾಗಿಲಲ್ಲೇ ಎರಡೂ ಕೈ ಚಾಚಿ ನಿಂತಿದ್ದರು. ಅವಳು ಅವರನ್ನು ದಾಟಿ, ಗುಂಡನನ್ನು ಎದೆಗೆ ಅವಚಿಕೊಂಡೇ ಬೇಸಿನ್ನಿನ ಹತ್ತಿರ ಹೋಗಿ ಸೋಪಿನ ಬಾಟಲಿ ಒತ್ತಿದಳು. ಚಿರ್ರನೆ ನೀರು ಬಂತು.

"ಅಪ್ಪಾ, ಇವತ್ತೊಂದು ದಿನ ನಿಂಗೆ ಸುಮ್ನಿರಕ್ಕೆ ಆಗ್ಲಿಲ್ವಾ?" ಅವಳು ತಿರುಗಿ ಕೇಳಿದಳು. "ಸೋಪಿಗೂ ನೀರು ಸುರಿಯೋ ಕೈ ನಿಂದು. ಸದ್ಯಕ್ಕೆ ನೀನು ಮಗೂನ ಎತ್ಕೊಳ್ಳೋದು ಬೇಡ."

ಅವರು ಚಾಚಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಹೇಳಿಬಿಡುತ್ತೇನೆ, ಅವತ್ತು ಬಾಟಲಿಗೆ ನೀರು ಹಾಕಿದವಳು ನಾನು. ಬೆಳಿಗ್ಗೆ ಮನೆ ಒರೆಸುವ ಗಡಿಬಿಡಿಯಲ್ಲಿ ಬಾಟಲಿಯ ತಳ ಕಂಡಿತು, ಕೈ ತನ್ನ ಪಾಡಿಗೆ ನಲ್ಲಿ ತಿರುಗಿಸಿತು. ಬಾಯಿ ಬಿಟ್ಟರೆ ಗುಂಡ ನನ್ನ ಕೈಗೂ ಸಿಗುವುದಿಲ್ಲ ಅನ್ನುವ ಹೆದರಿಕೆಗೆ ಸುಮ್ಮನಾದೆ. ಮಗಳು ಆಸ್ಪತ್ರೆಯಿಂದ ತಂದಿದ್ದ ಸೋಪಿನಲ್ಲಿ ಕೈ ತೊಳೆದು ಮೊಮ್ಮಗನನ್ನು ಎತ್ತಿಕೊಂಡೆ. ನಾಚಿಕೆಯಾಯಿತು. ಆದರೂ ಕೆಳಗೆ ಇಳಿಸಲಿಲ್ಲ.

ಹತ್ತು ದಿನ ಅವರು ಗುಂಡನನ್ನು ಬಾಗಿಲಿನಿಂದಲೇ ನೋಡಿದರು. ಉಗುರನ್ನು ರಕ್ತ ಬರುವಷ್ಟು ಕತ್ತರಿಸಿಕೊಂಡರು. ಬಟ್ಟೆ ಉಜ್ಜುವ ಬ್ರಷ್ಷಿನಲ್ಲಿ ಕೈ ಉಜ್ಜಿಕೊಂಡರು. ಹೆಬ್ಬೆರಳಿನ ಬಿರುಕಿನಲ್ಲಿ ಕೂತ ಹಸಿರು ಬಣ್ಣ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಹನ್ನೊಂದನೆಯ ದಿನ ಒಂದು ಕ್ಯಾನು ಸೋಪು, ಆಸ್ಪತ್ರೆಯಲ್ಲಿ ಇಡುತ್ತಾರಲ್ಲ ಅಂಥ ನೊರೆ ಬರುವ ಬಾಟಲಿ ತಂದರು. ಕ್ಯಾನಿನಿಂದ ಗಟ್ಟಿ ಸೋಪನ್ನು ಬಾಟಲಿಯ ಕುತ್ತಿಗೆಯವರೆಗೂ ಸುರಿದರು. ಮಗಳ ಕೋಣೆಯ ಮುಂದೆ ನಿಂತು, "ನೋಡಮ್ಮ, ಒಂದು ಹನಿ ನೀರು ಹಾಕಿಲ್ಲ," ಅಂದರು. ಒತ್ತಿದರೆ ಬಾಟಲಿ ಜಗ್ಗಲೇ ಇಲ್ಲ. ಬಣ್ಣದ ಡಬ್ಬದ ಮುಚ್ಚಳ ಕೀಳುವ ಕೈ ಅದು, ಬಲವಾಗಿ ಅದುಮಿದರು. ಮೂತಿ ಕಿತ್ತು ಬಂದು ಸೋಪೆಲ್ಲ ಅವರ ಅಂಗಿಯ ಮೇಲೆ ಇಳಿಯಿತು.

ಮಗಳು ಹೊರಗೆ ಬಂದು ಕ್ಯಾನಿನ ಮೇಲಿನ ಸಣ್ಣ ಅಕ್ಷರ ಓದಿದಳು. "ಒಂದು ಪಾಲು ಸೋಪಿಗೆ ನಾಲ್ಕು ಪಾಲು ನೀರಂತೆ, ಕಾಯಿಸಿ ಆರಿಸಿದ್ದು. ಗಟ್ಟಿ ಇದ್ರೆ ಕಟ್ಕೊಳ್ಳತ್ತಪ್ಪ, ನೊರೆ ಬರಲ್ಲ."

"ಹಂಗಾದ್ರೆ ನೀರು ಹಾಕ್ಲಾ?" ಅಂತ ಕೇಳಿದರು.

ಆ ಮನುಷ್ಯ ನೀರು ಹಾಕುವುದಕ್ಕೆ ಅಪ್ಪಣೆ ಕೇಳಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಅವತ್ತು ನೀರು ಹಾಕಿದ್ದು ನಿಮ್ಮಪ್ಪ ಅಲ್ಲ ಕಣೇ, ನಾನು," ಅಂದುಬಿಟ್ಟೆ.

ಮಗಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡರೆ ಅವಳ ಕಣ್ಣು ತುಂಬಿಕೊಂಡಿತು. "ಎಂಥಾ ಜೋಡಿನಪ್ಪ ಇದು," ಅಂದಳು. "ಹಾಕಪ್ಪ. ಅಳತೆ ನೀನೇ ನೋಡ್ಕೋ."

ಅವರು ನೀರು ಕಾಯಿಸಿ ಆರಲು ಇಟ್ಟರು. ಬಾಟಲಿಯನ್ನೂ ಮೂತಿಯನ್ನೂ ತೊಳೆದು, ಮೂತಿಯನ್ನು ಮತ್ತೆ ಕೂರಿಸಿ ಒತ್ತಿ ನೋಡಿದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಬಾಟಲಿಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಐದು ಗೆರೆ ಹಾಕಿದರು. ನಾಲ್ಕು ಗೆರೆಯವರೆಗೆ ನೀರು. ಐದನೆಯದಕ್ಕೆ ಸೋಪು, ಅದೂ ಬಾಟಲಿಯ ಒಳಮೈಗೆ ತಾಗಿ ಇಳಿಯುವ ಹಾಗೆ, ನಿಧಾನಕ್ಕೆ. ಕುಲುಕಲಿಲ್ಲ. ಕುಲುಕಿದರೆ ಒಳಗೇ ನೊರೆಯೇಳುತ್ತದಂತೆ. ಎರಡು ಅಂಗೈಗಳ ನಡುವೆ ಹಿಡಿದು ಕಡೆಗೋಲಿನ ಹಾಗೆ ಆ ಕಡೆ ಈ ಕಡೆ ತಿರುಗಿಸಿದರು. ಬಣ್ಣದ ಕೆಲಸಕ್ಕೆ ಇಂಥ ತಾಳ್ಮೆ ಬೇಕೆಂದು ನನಗೆ ಗೊತ್ತೇ ಇರಲಿಲ್ಲ.

ಒತ್ತಿದರು. ಅಂಗೈ ತುಂಬ ಬೆಳ್ಳಗೆ ನೊರೆ ಬಂತು.

ಮೊಣಕೈವರೆಗೆ ತೊಳೆದರು, ಮತ್ತೊಮ್ಮೆ ತೊಳೆದರು. ಆಮೇಲೆ ಹೆಬ್ಬೆರಳನ್ನು ಮಗಳಿಗೆ ತೋರಿಸಿ, "ಇದೊಂದು ಹಸಿರು ಹೋಗಲ್ಲಮ್ಮ," ಅಂದರು. ಅವಳು ಒಗೆದ ಟವೆಲ್ಲಿನಲ್ಲಿ ಅವರ ಒಂದೊಂದೇ ಬೆರಳನ್ನು ಒರೆಸಿದಳು. ಆಮೇಲೆ ತನ್ನ ಕೈಯನ್ನೂ ತೊಳೆದುಕೊಂಡು ಗುಂಡನನ್ನು ತಂದು ಅವರ ಕೈಗೆ ಕೊಟ್ಟಳು.

ಅವರು ಉಸಿರು ಬಿಗಿಹಿಡಿದು ಕೂತಿದ್ದರು. ಗುಂಡ ಒಮ್ಮೆ ಮುಖ ಕಿವಿಚಿ ಮತ್ತೆ ನಿದ್ದೆ ಹೋದ. ಮಗಳು ಸ್ನಾನಕ್ಕೆ ಹೋದ ಮೇಲೆ ನಾನು ಪಕ್ಕದಲ್ಲಿ ಕೂತೆ.

"ನಾನು ಅಂತ ನಿಮಗೆ ಗೊತ್ತಿತ್ತಲ್ಲ?"

"ನಾನು ಹಾಕಿಲ್ಲ ಅಂದ್ಮೇಲೆ ಇನ್ಯಾರು ಹಾಕ್ತಾರೆ?"

"ಮತ್ತೆ ಹತ್ತು ದಿನ ಬಾಯಿ ಮುಚ್ಕೊಂಡು ಯಾಕಿದ್ರಿ?"

ಅವರು ಗುಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹೇಳಿದ್ರೆ ನಿನ್ ಕೈಗೂ ಸಿಕ್ತಿರ್ಲಿಲ್ಲ. ಒಬ್ರಾದ್ರೂ ಎತ್ಕೊಳ್ಳಲಿ ಅಂತ," ಅಂದರು.