ಸೋತವರಿಗೆ ನಾಲ್ಕು ಚೀಟಿ

"ಅಗದಿ ಛಲೋ ಸೋತ್ರಿ ನೋಡ್ರಿ ಕಾಕಾ," ಎಂದು ಹೇಮಂತ ಬೆನ್ನಿಗೆ ಬಡಿದ ಹೊಡೆತಕ್ಕೆ ಮೈಲಾರಿಯ ಬಸಿಯಲ್ಲಿದ್ದ ಚಹಾ ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಸೋಮವಾರದ ಮುಂಜಾನೆ. ಐದೂ ಓಣಿಗಳಿಗೆ ನೀರು ಬಿಟ್ಟು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡೇ ಅವನು ಮೈಮುನಬಿಯ ಚಹಾದಂಗಡಿಗೆ ಬಂದಿದ್ದ. ಕುಬಿಹಾಳ ಪಂಚಾಯಿತಿಯ ವಾಟರ್‌ಮನ್ ಆಗಿ ಹದಿನೆಂಟು ವರ್ಷ, ಊರಿನ ಬಾಸ್ಕೆಟ್‌ಬಾಲ್ ಟೀಮಿನಲ್ಲಿ ಹದಿನಾರು. ಹಿಂದಿನ ದಿನ ಸಂಜೆ ಯರಗುಪ್ಪಿಯವರ ಕೈಯಲ್ಲಿ ಸೋತು, ನಾಲ್ಕು ಊರಿನ ಪಂದ್ಯಾವಳಿಯಲ್ಲಿ ಕುಬಿಹಾಳ ಕಟ್ಟಕಡೆಗೆ ಬಿದ್ದಿತ್ತು. ಯರಗುಪ್ಪಿಯ ಸಿದ್ಧಲಿಂಗ ಮೂರು ಅಂಕದ ಹೊರಗೆರೆಯ ಆಚೆಯಿಂದಲೇ ಏಳು ಸಲ ಚೆಂಡನ್ನು ಬುಟ್ಟಿಗೆ ಇಳಿಸಿದ್ದ. ಆ ಗೆರೆ ಕಾಯಬೇಕಾದವನು ಮೈಲಾರಿ. ಬೈಸಿಕೊಳ್ಳಲು ತಯಾರಾಗಿ ಬಂದವನಿಗೆ ಈ ಹೊಗಳಿಕೆ ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ.

"ಸೋಲೂದ್ರಾಗ ಛಲೋ ಏನೈತ್ಲೇ?"

"ನೋಡ್ರಪಾ, ಎಲ್ಲಾ ತಿಳದ ಮಾಡಿ, ಏನೂ ತಿಳೀದಾಂವ್ರಂಗ ಕುಂದರತಾರ," ಎಂದು ಹೇಮಂತ ಬೆಂಚಿನ ಮೇಲಿದ್ದವರತ್ತ ಕಣ್ಣು ಹೊಡೆದ. ಅವನದು ಮೊಬೈಲ್ ರಿಪೇರಿ ಅಂಗಡಿ. ಟೀಮಿನಲ್ಲಿ ಮೈಲಾರಿಯ ಬಾಜೂಕೇ ಆಡುತ್ತಿದ್ದ.

ಇದರ ಬೇರು ಕಾಶಿನಾಥ ಮಾಸ್ತರರ ಫೋನಿನಲ್ಲಿತ್ತು. ಹೈಸ್ಕೂಲಿನ ಪಿ.ಟಿ. ಮಾಸ್ತರರಾದ ಅವರು ದಿನಾ ಮುಂಜಾನೆ ಅಮೇರಿಕದ ಪಂದ್ಯ ನೋಡಿದ ಮೇಲೆಯೇ ಸ್ನಾನ ಮಾಡುವವರು. ಅಲ್ಲಿ ಸೋತ ಟೀಮುಗಳಿಗಾಗಿ ಒಂದು ಲಾಟರಿ ಇದೆಯಂತೆ. ಹೆಚ್ಚು ಸೋತವರಿಗೆ ಒಳ್ಳೆಯ ಹೊಸ ಆಟಗಾರ ಸಿಗುವ ಅವಕಾಶ ಹೆಚ್ಚಂತೆ. ಅದನ್ನೇ ಈ ವರ್ಷ ಇಲ್ಲಿಗೂ ತಂದರು. ಕಡೆಯ ಊರಿಗೆ ನಾಲ್ಕು ಚೀಟಿ, ಅದರ ಮೇಲಿನದಕ್ಕೆ ಮೂರು, ಎರಡನೆಯದಕ್ಕೆ ಎರಡು, ಗೆದ್ದವರಿಗೆ ಒಂದೇ. ಯಾರ ಚೀಟಿ ಮೊದಲು ಬರುತ್ತದೋ, ಈ ವರ್ಷ ಆಡಲು ಹೆಸರು ಕೊಟ್ಟ ಹೊಸಬರಲ್ಲಿ ಅವರದು ಮೊದಲ ಆಯ್ಕೆ. ಅಮೇರಿಕದವರು ತೆಗೆದ ದಿನವೇ ನಾವೂ ತೆಗೆಯಬೇಕೆಂದು ಮಾಸ್ತರರ ಹಟ. ಅದು ಬುಧವಾರ ಬಿದ್ದಿತ್ತು. ಹೊಸಬರಲ್ಲಿ ಎಲ್ಲರ ಕಣ್ಣೂ ಕುಂದಗೋಳದ ಜಹೀರುದ್ದೀನನ ಮೇಲೆ. ಇಪ್ಪತ್ತೆರಡರ ವಯಸ್ಸು, ವೆಲ್ಡಿಂಗ್ ಕೆಲಸ. ಗೆರೆ ಕಾಯಲು ನಿಂತನೆಂದರೆ ಗಾಳಿಗೂ ದಾರಿ ಬಿಡುವವನಲ್ಲ.

"ಅಮೇರಿಕಾದಾಗ ಈ ಸಲ ಕಡೀ ಟೀಮಿಗೆ ಬರೂದಿಲ್ಲ ಬರ್ಕೋರಿ," ಹೇಮಂತ ಫೋನು ಸವರುತ್ತ ಹೇಳಿದ. "ಕೆಳಗಿನ ಮೂರಕ್ಕೂ ನೂರಕ್ಕ ಹದಿನಾಲ್ಕ ಚಾನ್ಸ್ ಅಷ್ಟ. ಕೆಳಗಿಂದ ನಾಕನೇದಾಂವ ಹೊಡೀತಾನ."

"ಸೋತಾಂವ್ಗ ಬಹುಮಾನ ಅಂದ್ರ ಇದ್ಯಾವ ನ್ಯಾಯಲೇ?" ಎಂದ ಬೆಂಚಿನ ತುದಿಯಲ್ಲಿ ಕುಳಿತ ಮುದುಕ ಕುಬೇರಪ್ಪ. ಅವನು ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ, ನಿಯಮವೊಂದನ್ನೂ ಒಪ್ಪಿದವನಲ್ಲ.

"ಯಾಕ, ಸೊರಗಿದ ಕೂಸಿಗೆ ಎರಡ ತುತ್ತ ಹೆಚ್ಚಿಗಿ ಹಾಕೂದಿಲ್ಲೇನ?" ಮೈಮುನಬಿ ಒಲೆಯ ಕಡೆಯಿಂದಲೇ ಕೇಳಿದಳು.

"ಹಂಗಾದ್ರ ಇದ್ದಬದ್ದ ಕೂಸೆಲ್ಲಾ ಸೊರಗಿ ಕುಂದರತಾವ ಬಿಡು."

"ಅದನ್ನ ಹೇಳಾಕತ್ತೀನಿ ನಾ," ಹೇಮಂತ ಮೊಣಕೈಯಿಂದ ಮೈಲಾರಿಯನ್ನು ತಿವಿದ. "ಈಗ ಅಮೇರಿಕಾದಾಗೂ ಹೊರಗಿನ ಗೆರಿ ಕಾಯೋರ ಇಲ್ಲ. ಎಲ್ಲಾರೂ ದೂರ ನಿಂತ ಒಗ್ಯಾವ್ರ."

"ಕಾಯೂದಂದ್ರ ಬೆವರು, ಒಗಿಯೂದಂದ್ರ ಚಪ್ಪಾಳಿ. ಯಾಂವ ಕಾಯ್ತಾನ?" ಎಂದ ಕುಬೇರಪ್ಪ.

"ನಮ್ಮ ಕಾಕಾ ಕಾಯ್ತಾರ. ನಿನ್ನಿ ಒಂದ ದಿನ ಮರತಂಗ ಮಾಡಿದ್ರು. ಊರಿಗೆ ನಾಕ ಚೀಟಿ ಬರ್ಲಿ ಅಂತ."

ಮೈಲಾರಿಗೆ ಆಗ ಅರ್ಥವಾಯಿತು. ಅರ್ಥವಾದ ಮೇಲೆ ತಲೆ ಇನ್ನಷ್ಟು ಕಲಸಿಹೋಯಿತು. ನಿನ್ನೆ ಸಿದ್ಧಲಿಂಗ ಎಡಕ್ಕೆ ಹೊರಳಿದಾಗಲೆಲ್ಲ ಇವನೂ ಎಡಕ್ಕೆ ಹೊರಳಿದ್ದ. ಮನಸ್ಸು ಹೋಗಿತ್ತು, ಕಣ್ಣು ಹೋಗಿತ್ತು, ಕಾಲು ಮಾತ್ರ ಒಂದು ಗಳಿಗೆ ತಡವಾಗಿ ಬಂದಿತ್ತು. ಅದನ್ನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಎಲ್ಲರೂ ಅವನನ್ನು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ಹಾಗೆ ನೋಡಿಸಿಕೊಂಡು ಅವನಿಗೆ ಎಷ್ಟೋ ವರ್ಷವಾಗಿತ್ತು. "ಹ್ಞೂಂ," ಅಂದ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಮಧ್ಯಾಹ್ನದೊಳಗೆ ಆ ಹ್ಞೂಂ ಊರೆಲ್ಲ ಸುತ್ತಿ ಅವನ ಮನೆಗೂ ಬಂದಿತ್ತು.

"ಬೇಕಂತ ಸೋತ್ರೆಂತ," ಎಂದಳು ಹೆಂಡತಿ ದುರ್ಗಾ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಳದ ಹಂತೇಕ ಎಲ್ಲಾರೂ ಅದನ್ನ ಮಾತಾಡಾಕತ್ತಾರ."

"ನೀ ಏನಂದಿ?"

"ನಾ ಏನನ್ಲಿ? ದಿನಾ ಆ ಮಣಕಾಲಿಗೆ ಎಣ್ಣಿ ತಿಕ್ಕಾಕಿ ನಾನು. ಅದೆಷ್ಟರದ್ದು ಅಂತ ನನಗ ಗೊತ್ತೈತಿ."

"ಮತ್ತ ಯಾಕ ಕೇಳ್ತಿ?"

"ನಿಮ್ಮ ಬಾಯಾಗ ಏನ್ ಬರ್ತೈತಿ ನೋಡೂಣಂತ."

ಅವನು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡ.

ಬುಧವಾರ ಸಂಜೆ ಹೈಸ್ಕೂಲಿನ ಸಿಮೆಂಟಿನ ಅಂಗಳದಲ್ಲಿ ನಾಲ್ಕೂ ಊರಿನವರು ನೆರೆದರು. ಇನ್ನೆರಡು ವಾರಕ್ಕೆ ಹೆಸರುಕಾಳಿನ ಬಿತ್ತನೆ ಶುರುವಾಗುತ್ತದೆ, ಆಮೇಲೆ ಯಾರೂ ಸಿಗುವುದಿಲ್ಲ. ಪಕ್ಕದ ಹೊಲದಲ್ಲಿ ಉತ್ತು ಬಿಟ್ಟ ಕರಿಮಣ್ಣು ಹೆಂಟೆ ಹೆಂಟೆಯಾಗಿ ಬಿಸಿಲಿಗೆ ಬಿದ್ದಿತ್ತು. ಚೀಟಿ ಎತ್ತಲು ಯಾವ ಊರಿನ ಪಕ್ಷವನ್ನೂ ವಹಿಸದವಳೆಂದು ಮೈಮುನಬಿಯನ್ನು ಕರೆಸಿದ್ದರು. ಚಹಾದ ವಿಷಯದಲ್ಲಿ ಅವಳು ಎಲ್ಲರನ್ನೂ ಒಂದೇ ಸಮ ಬೈಯುತ್ತಿದ್ದಳು. ಮಾಸ್ತರರು ಹತ್ತು ಚೀಟಿಗಳನ್ನು ಮಡಚಿ ಹಿತ್ತಾಳೆಯ ಚರಿಗೆಗೆ ಹಾಕುತ್ತಿರುವಾಗ ಸಿದ್ಧಲಿಂಗ ಎದ್ದು ನಿಂತ.

"ಸರ, ಬೇಕಂತ ಸೋತವ್ರಿಗೆ ನಾಕ ಚೀಟಿ ಹೆಂಗ ಕೊಡ್ತೀರಿ? ಇಡೀ ಕುಬಿಹಾಳ ಹೇಳಾಕತ್ತೈತಿ, ಬೇಕಂತ ಸೋತೀವಂತ."

ಮಾಸ್ತರರ ಕೈ ಚರಿಗೆಯ ಬಾಯಲ್ಲೇ ನಿಂತಿತು. ಕುಬಿಹಾಳ ಅವರದೇ ಶಾಲೆಯ ಊರು. ಅದಕ್ಕಾಗಿಯೇ ಅವರು ಇನ್ನೂ ಬಿಗಿಯಾದರು. "ಖರೇ ಇದ್ರ ಕುಬಿಹಾಳಕ್ಕ ಒಂದ ಚೀಟಿ. ಮೂರು ಹೊರಗ. ಮೈಲಾರಿ, ನೀನ ಹೇಳು. ಬೇಕಂತ ಬಿಟ್ಟಿಯೋ, ಇಲ್ಲೋ?"

ಹೌದೆಂದರೆ ಚೀಟಿ ಹೋಗುತ್ತವೆ, ಜಹೀರುದ್ದೀನ ಹೋಗುತ್ತಾನೆ. ಗೆರೆ ಕಾಯುವ ಮೈಲಾರಿ ಎಂಬ ಹೆಸರು ಉಳಿಯುತ್ತದೆ. ಇಲ್ಲವೆಂದರೆ ಚೀಟಿ ಉಳಿಯುತ್ತವೆ, ಹೆಸರು ಇಲ್ಲೇ, ನಾಲ್ಕೂ ಊರಿನವರ ಎದುರಿಗೇ ಮುಗಿಯುತ್ತದೆ. ಎರಡು ದಿನದಿಂದ ಹೇಳಲಾಗದ್ದು ಈಗ ಬಾಯಿಗೆ ಬಂತು.

"ಇಲ್ರಿ ಸರ. ನನ್ನ ಕೈಲಾಗ್ಲಿಲ್ಲ. ಮಣಕಾಲ ಹೋಗೇತ್ರಿ."

"ಏನ್ ನಾಟಕರೀ ಕಾಕಾ," ಎಂದು ಹೇಮಂತ ಹಿಂದಿನಿಂದ ಪಿಸುಗುಟ್ಟಿದ. "ಕಣ್ಣಾಗ ನೀರ ಬಂದ್ವು."

ಮೈಲಾರಿ ತಿರುಗಿ ನೋಡಿದ. ಹೇಮಂತನ ಮುಖದಲ್ಲಿ ನಿಜವಾದ ಭಕ್ತಿಯಿತ್ತು.

"ಸುಳ್ಳ," ಎಂದ ಸಿದ್ಧಲಿಂಗ. "ಹತ್ತ ವರ್ಷ ನನ್ನ ಈ ಗೆರಿ ಹಂತೇಕ ಬರಗೊಟ್ಟಿಲ್ಲ ಇಂವ. ಒಂದ ಐತವಾರದಾಗ ಕಾಲ ಹೋತೇನ? ನಿಂದ್ರಲಿ ಈಗ. ಮೂರ ಸಲ ಒಗೀತೀನಿ. ಒಂದ ಸಲ ತಡದ್ನಂದ್ರೂ ಅವತ್ತಿಂದು ನಾಟಕ. ಮೂರೂ ಬಿದ್ವಂದ್ರ ನಾನ ಕೈಮುಗದ ಕುಂದರತೀನಿ."

ಅದೇ ನ್ಯಾಯವೆಂದು ಹತ್ತು ಜನ ಹೇಳಿದರು. ಹೇಮಂತ ಓಡಿಬಂದು ಕಿವಿಯಲ್ಲಿ ಹೇಳಿದ, "ಏನೂ ಮಾಡಬ್ಯಾಡ್ರಿ ಕಾಕಾ. ಐತವಾರ ನಿಂತಂಗ ಸುಮ್ನ ನಿಂದ್ರಿ."

"ಐತವಾರ ನಾ ಸುಮ್ನ ನಿಂತಿದ್ದಿಲ್ಲಲೇ."

"ಗೊತ್ತೈತ್ರಿ, ಗೊತ್ತೈತ್ರಿ," ಎಂದು ಹೇಮಂತ ತೋಳು ತಟ್ಟಿ ಹೋದ.

ಮೈಲಾರಿ ಚಪ್ಪಲಿ ಬಿಟ್ಟು ಗೆರೆಯ ಹತ್ತಿರ ನಿಂತ. ಬೇಕೆಂದು ಸೋಲಲಿಲ್ಲ ಎಂದು ತೋರಿಸಲು ಈಗ ಬೇಕೆಂದೇ ಸೋಲಬೇಕೇ? ಇಲ್ಲ, ಖರೇ ಆಡಿದರೆ ಸಾಕು, ಕಾಲು ತಾನಾಗಿಯೇ ಸಾಕ್ಷಿ ಹೇಳುತ್ತದೆ. ಹಾಗಿದ್ದರೆ ಒಳಗೊಳಗೇ ಇದೇನು, ಕಾಲು ಸುಳ್ಳು ಹೇಳಲಿ ಎಂಬ ಆಸೆ? ಯೋಚನೆ ಮುಗಿಯುವ ಮೊದಲೇ ಸಿದ್ಧಲಿಂಗ ಎಡಕ್ಕೆ ಹೊರಳಿದ. ಮೈಲಾರಿ ಹಲ್ಲು ಕಚ್ಚಿ ಹೋದ. ಮೊಣಕಾಲಿನಲ್ಲಿ ಮುಳ್ಳು ಮುರಿದಂತಾಯಿತು. ಚೆಂಡು ಬುಟ್ಟಿಗೆ ಬಿತ್ತು.

ಎರಡನೆಯ ಸಲವೂ ಹಾಗೆಯೇ. ಕುಬಿಹಾಳದವರ ಕಡೆಯಿಂದ ಸಮಾಧಾನದ ನಿಟ್ಟುಸಿರು ಕೇಳಿಸಿತು. ಅವರೆಲ್ಲ ಇಷ್ಟು ಒಮ್ಮತದಿಂದ ಅವನ ಸೋಲು ಬಯಸಿದ್ದು ಇದೇ ಮೊದಲು.

ಮೂರನೆಯ ಸಲ ಮೈಲಾರಿ ಓಡಲಿಲ್ಲ. ಓಡುವ ಶಕ್ತಿ ಇರಲಿಲ್ಲ. ನಿಂತಲ್ಲೇ ಸಿದ್ಧಲಿಂಗನ ಬಲಭುಜ ಒಂದಿಷ್ಟು ಕುಸಿದದ್ದನ್ನು ಕಂಡ. ಎಡಕ್ಕೆ ಹೊರಟಂತೆ ಮಾಡಿ ಬಲಕ್ಕೆ ಬರುವಾಗ ಹತ್ತು ವರ್ಷದಿಂದ ಅವನ ಭುಜ ಕುಸಿಯುತ್ತಿದ್ದುದು ಹೀಗೆಯೇ. ಸಿದ್ಧಲಿಂಗ ಬಲಕ್ಕೆ ಬಂದ; ಮೈಲಾರಿ ಅಲ್ಲಿಯೇ ಇದ್ದ. ಕೈ ಮೇಲೆದ್ದಿತು. ಚಟ್ ಎಂದಿತು. ಚೆಂಡು ಅಂಗಳ ದಾಟಿ, ಬದು ದಾಟಿ ಹೊಲಕ್ಕೆ ಹಾರಿತು.

ಯರಗುಪ್ಪಿಯವರು ಕೇಕೆ ಹಾಕಿದರು. ಕಾಶಿನಾಥ ಮಾಸ್ತರರು ಚರಿಗೆಯಿಂದ ಕುಬಿಹಾಳದ ಮೂರು ಚೀಟಿಗಳನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡರು. ಅವರು ಮೈಲಾರಿಯ ಮುಖ ನೋಡಲಿಲ್ಲ.

"ಏನ್ ಮಾಡಿದ್ರಿ ಕಾಕಾ ಇದನ್ನ?" ಎಂದ ಹೇಮಂತ. ಅವನ ದನಿಯಲ್ಲಿ ಸಿಟ್ಟಿತ್ತು, ಭಕ್ತಿಯೂ ಪೂರ್ತಿ ಹೋಗಿರಲಿಲ್ಲ.

ಸಿದ್ಧಲಿಂಗ ನಗುತ್ತ ಹತ್ತಿರ ಬಂದ. ಮೈಲಾರಿ ಎಡಗಾಲನ್ನು ನೆಲಕ್ಕೆ ಊರದೆ ನಿಂತದ್ದು ಕಂಡು ಅವನ ನಗು ತುಸು ಇಳಿಯಿತು. "ಖರೇನ ನೋಯಾಕತ್ತೈತೇನೋ?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ಲೋ ಮಾರಾಯಾ. ಕೈ ತಾನ ಮ್ಯಾಲೆ ಹೋತು."

ಅಂಗೈ ಉರಿಯುತ್ತಿತ್ತು. ಮೈಲಾರಿ ಚೆಂಡು ತರಲು ಹೊರಟ. ಬದುವಿನ ತನಕ ಹಿಂದೆ ಮಾತು ಕೇಳಿಸುತ್ತಿತ್ತು. "ನೋಡ್ರಿ, ಕುಂಟಾಕತ್ತಾನ," ಎಂದ ಒಬ್ಬ. "ಅದೂ ನಾಟಕನ," ಎಂದ ಇನ್ನೊಬ್ಬ. ಮೈಲಾರಿ ಸೆಟೆದು ನಾಲ್ಕು ಹೆಜ್ಜೆ ನೆಟ್ಟಗೆ ನಡೆದ. ಐದನೆಯದು ಆಗಲಿಲ್ಲ.

ಚೆಂಡು ದೂರದಲ್ಲಿ ಎರಡು ಹೆಂಟೆಗಳ ನಡುವೆ ಸಿಕ್ಕಿಕೊಂಡಿತ್ತು. ಬಗ್ಗಿ ಎತ್ತಿಕೊಂಡು ತಿರುಗಿದಾಗ ಅಂಗಳದಲ್ಲಿ ಎಲ್ಲರೂ ಚರಿಗೆಯ ಸುತ್ತ ನೆರೆದು ಅವನಿಗೆ ಬೆನ್ನು ಮಾಡಿ ನಿಂತಿದ್ದರು. ಮೈಮುನಬಿಯ ಕೈ ಮೇಲೆ ಬಂತು. ಮಾಸ್ತರರು ಚೀಟಿ ಬಿಚ್ಚಿದರು. ಏನೋ ಓದಿದರು, ಇಲ್ಲಿಗೆ ಕೇಳಿಸಲಿಲ್ಲ. ಯರಗುಪ್ಪಿಯವರ ಟವೆಲ್ಲುಗಳು ಮೇಲೆ ಹಾರಿದವು.

ಮೈಲಾರಿ ಅಂಗಿಯ ಚುಂಗಿನಿಂದ ಚೆಂಡಿಗೆ ಮೆತ್ತಿದ ಕರಿಮಣ್ಣನ್ನು ಒರೆಸಿದ. ಒರೆಸಿದಷ್ಟೂ ಮಣ್ಣು ಅಂಗಿಗೆ ಬರುತ್ತಿತ್ತು. ಅವನ ಕಾಲನ್ನು ಈಗ ಯಾರೂ ನೋಡುತ್ತಿರಲಿಲ್ಲ. ಹೆಂಟೆಗಳ ನಡುವೆ, ಕಾಲು ಹೇಗೆ ಬಂತೋ ಹಾಗೆ, ಅವನು ಅಂಗಳದ ಕಡೆ ನಡೆಯತೊಡಗಿದ.