ಬಾಲದಲ್ಲಿ ಕೂತ ಅಣ್ಣ

ಈ ಮೂಲಕ ಸಮಸ್ತ ಕುಟುಂಬ ವರ್ಗಕ್ಕೆ ತಿಳಿಯಪಡಿಸುವುದೇನೆಂದರೆ, ನಡುಮನೆಯಲ್ಲಿರುವ ಊಟದ ಮೇಜು ಮುಂದಿನ ಪ್ರಕಟಣೆಯವರೆಗೆ ಊಟಕ್ಕೆ ಲಭ್ಯವಿರುವುದಿಲ್ಲ. ಸದರಿ ಮೇಜಿನ ಮೇಲೆ ಎಡರೆಕ್ಕೆಯ ಬಣ್ಣ ಒಣಗುತ್ತಿರುವುದರಿಂದ ಯಾರೂ ಅದರ ಮೇಲೆ ತಟ್ಟೆ, ಲೋಟ, ಮೊಣಕೈ ಅಥವಾ ಅಭಿಪ್ರಾಯವನ್ನು ಇಡತಕ್ಕದ್ದಲ್ಲ.

ಹೀಗೆಂದು ಹಲ್ಲು ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದಾಗ, ಸಮಸ್ತ ಕುಟುಂಬ ವರ್ಗವೆಂದರೆ ಅವನ ಹೆಂಡತಿ ಒಬ್ಬಳೇ. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಹೋದ ತಿಂಗಳು ಮಂಚ ಹೋಯ್ತು. ಈಗ ಮೇಜು ಹೋಯ್ತು. ಮನೇಲಿ ಖಾಲಿ ಇರೋದು ಇನ್ನು ನಾನೊಬ್ಬಳೇ. ನನ್ನ ಮೇಲೆ ಏನು ಒಣಗಿಸ್ತೀರಿ?"

"ಬಾಲ ಇದೆ."

"ಅದು ನಿಮಗೇ ಇರಲಿ ಬಿಡಿ, ಹೊಂದುತ್ತೆ."

ಹಲ್ಲು ಮೇಸ್ತ್ರಿ ಎಂಬುದು ಅವನ ಕಸುಬಿನಿಂದ ಬಂದ ಹೆಸರು. ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಇವನು ಹಲ್ಲಿನ ಸೆಟ್ಟು ಕಟ್ಟಿ ಕಳಿಸುತ್ತಾನೆ. ಊರಿನ ಅರ್ಧ ನಗು ಇವನ ಕೈಕೆಲಸ. ಉಳಿದರ್ಧ ನಗು ಇವನ ಹವ್ಯಾಸವನ್ನು ನೋಡಿ ಬಂದದ್ದು. ರಿಮೋಟಿನಿಂದ ಹಾರಿಸುವ ಯುದ್ಧವಿಮಾನಗಳನ್ನು ಕಟ್ಟುವುದು ಅವನ ಹುಚ್ಚು. ಇಷ್ಟು ದಿನ ಆ ಹುಚ್ಚು ಮಂಚದಡಿ ಹಿಡಿಸುವಷ್ಟಿತ್ತು. ಈ ಬಾರಿಯದು ಮಹಾಯುದ್ಧದ ಕಾಲದ, ಎರಡು ಎಂಜಿನ್ನಿನ ಬಾಂಬರ್. ರೆಕ್ಕೆ ಜೋಡಿಸಿದರೆ ಈ ಗೋಡೆಯಿಂದ ಆ ಗೋಡೆ. ಒಳಗೆ ನಿಜವಾದ ಪೆಟ್ರೋಲ್ ಎಂಜಿನ್ನುಗಳು. ಮೈತುಂಬ ಸೂಜಿಮೊನೆಯಲ್ಲಿ ಒತ್ತಿದ ರಿವೆಟ್ಟುಗಳು.

ವಿಮಾನ ಹಾರಿಸುವವರ ಕ್ಲಬ್ಬಿನವರಿಗೆ ಹೊಟ್ಟೆನೋವು ತಂದದ್ದು ಅದರ ಬಣ್ಣ. ಇಂಥ ವಿಮಾನಗಳ ಹೊಟ್ಟೆಗೆ ಆಕಾಶದಲ್ಲಿ ಕರಗಿಹೋಗುವ ಬೂದಿಬಣ್ಣ ಬಳಿಯುವುದು ವಾಡಿಕೆ. ಇವನು ಎಡರೆಕ್ಕೆಯಡಿ ಕಣ್ಣಿಗೆ ರಾಚುವ ಕಿತ್ತಳೆ ಬಳಿದ, ಬಲರೆಕ್ಕೆಯಡಿ ಅಗಲವಾದ ಕಪ್ಪು ಬಿಳಿ ಪಟ್ಟೆ ಎಳೆದ. ಶತ್ರುವಿಗೆ ಕಾಣಬಾರದೆಂದು ಹುಟ್ಟಿದ ವಿಮಾನ ಈಗ ಸರ್ಕಸ್ಸಿನ ಡೇರೆಯಂತಾಯಿತು.

"ಇದು ಯುದ್ಧಕ್ಕೆ ಹೋಗುತ್ತೋ ಮದುವೆಗೋ?" ಎಂದು ಕ್ಲಬ್ಬಿನ ಕಾರ್ಯದರ್ಶಿ ಕೇಳಿದ. ಅವನು ಡ್ರೈವಿಂಗ್ ಸ್ಕೂಲಿನ ಮಾಲೀಕ. ಎಲ್ಲರೂ ಅವನನ್ನು ಎಲ್ ಬೋರ್ಡ್ ಎಂದೇ ಕರೆಯುತ್ತಾರೆ.

ಯಾರಿಗೆ ಕಾಣಬೇಕೆಂದು ಆ ಬಣ್ಣ ಎಂಬುದು ಮೇಸ್ತ್ರಿಯ ಹೆಂಡತಿಗೆ ಗೊತ್ತಿತ್ತು. ಆದ್ದರಿಂದಲೇ ಅವಳು ಮೆಟ್ಟಿಲ ಮೇಲೆ ಊಟ ಮಾಡುತ್ತಿದ್ದಳು.

ಕಾಣಬೇಕಾದದ್ದು ಅಣ್ಣನಿಗೆ. ಅಣ್ಣ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕೂತು, ಕೆಳಗಿನ ಲಾರಿಯ ಮೇಲೆ ಲೋಡನ್ನು ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಿದ್ದ. ತಮ್ಮನಿಗೆ ವಿಮಾನದ ಹುಚ್ಚು ಹತ್ತಿಸಿದವನೂ ಅವನೇ. ತಮ್ಮ ಕಟ್ಟಿದರೆ ಅಣ್ಣ ಹಾರಿಸಬೇಕು. ಅದು ಅವರಿಬ್ಬರ ಒಪ್ಪಂದ. ಆಮೇಲೆ ಅಣ್ಣನ ಕಣ್ಣಿನ ನಟ್ಟನಡುವೆ ಒಂದು ಮಸಿಬೊಟ್ಟು ಹುಟ್ಟಿತು. ನೇರ ನೋಡಿದ್ದು ಅಳಿಸಿಹೋಗುತ್ತದೆ, ಓರೆಗೆ ನೋಡಿದ್ದು ಅಷ್ಟಿಷ್ಟು ಕಾಣುತ್ತದೆ. ಈಗ ಅವನು ಯಾರ ಮುಖ ನೋಡಬೇಕಾದರೂ ಅವರ ಕಿವಿಯನ್ನು ದಿಟ್ಟಿಸುತ್ತಾನೆ. ಗುರುತಿಲ್ಲದವರು ಜಂಬದ ಮನುಷ್ಯ ಅಂದುಕೊಳ್ಳುತ್ತಾರೆ. ಕ್ರೇನ್ ಹೋಯಿತು. ರಿಮೋಟನ್ನು ಅವನಾಗಿಯೇ ಬಟ್ಟೆಯಲ್ಲಿ ಸುತ್ತಿ ತಮ್ಮನ ಮನೆಗೆ ಕಳಿಸಿಬಿಟ್ಟ. ಬೊಟ್ಟು ವಾರವಾರಕ್ಕೂ ಅಗಲವಾಗುತ್ತಿದೆ, ಬೇಸಿಗೆ ಕಳೆಯುವಷ್ಟರಲ್ಲಿ ಓರೆನೋಟವೂ ಹೋಗಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು.

ಅಷ್ಟರೊಳಗೆ ಅಣ್ಣ ಒಂದೇ ಒಂದು ಸಲ ಹಾರಿಸಬೇಕು. ಮೇಸ್ತ್ರಿಯ ಮಹಾ ಯೋಜನೆ ಅಷ್ಟೇ. ಅದಕ್ಕೇ ಆ ಗಾತ್ರ, ಅದಕ್ಕೇ ಆ ಬಣ್ಣ.

ಅಣ್ಣನನ್ನು ಒಪ್ಪಿಸುವುದು ವಿಮಾನ ಕಟ್ಟಿದ್ದಕ್ಕಿಂತ ಕಷ್ಟವಾಯಿತು. ಅವನು ತನ್ನ ಕೋಣೆಯಲ್ಲಿ ಕಿಟಕಿಗೆ ಬೆನ್ನುಮಾಡಿ ಕೂತಿದ್ದ. ಎದುರಿನ ಸ್ಟೂಲಿನ ಮೇಲೆ ಚಹಾ. ಅವನು ಕೈಚಾಚುವ ಮೊದಲೇ ತಮ್ಮ ಲೋಟ ಎತ್ತಿ ಅವನ ಕೈಗಿಟ್ಟ.

"ಇಡು ಕೆಳಗೆ" ಎಂದ ಅಣ್ಣ. "ಹಡಗಿನಿಂದ ಹಡಗು ಖಾಲಿ ಮಾಡಿದ ಕೈ ಇದು. ಒಂದು ಲೋಟ ಎತ್ತಲ್ವಾ?"

ತಮ್ಮ ಲೋಟ ಕೆಳಗಿಟ್ಟ. ಅಣ್ಣ ತಡವುತ್ತ ಹೋಗಿ ಅದನ್ನು ಉರುಳಿಸಿದ. ಚಹಾ ನೆಲದ ಮೇಲೆ ಹರಿಯಿತು.

"ಎರಡು ರಿಮೋಟು ಅಣ್ಣ" ಎಂದ ಮೇಸ್ತ್ರಿ, ನೆಲ ಒರೆಸುತ್ತ. "ಒಂದು ನಿನ್ನ ಕೈಲಿ, ಒಂದು ನನ್ನ ಕೈಲಿ. ನೀನೇ ಹಾರಿಸ್ತೀಯ. ಏನಾದ್ರೂ ತಪ್ಪಿದ್ರೆ ನಾನು ಸ್ವಿಚ್ ಬಿಡ್ತೀನಿ, ವಿಮಾನ ನನ್ನ ಕೈಗೆ ಬರುತ್ತೆ. ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಪಕ್ಕದವನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತಲ್ಲ, ಹಾಗೆ."

"ಅಂದ್ರೆ ಈ ವಯಸ್ಸಲ್ಲಿ ನನಗೆ ಎಲ್ ಬೋರ್ಡು."

"ಎಲ್ ಬೋರ್ಡೂ ಇರ್ತಾನೆ, ಮೈದಾನದಲ್ಲಿ."

ಅಣ್ಣ ನಕ್ಕ. ಮುಂದಿನ ಒಂದು ಹಲ್ಲಿಲ್ಲದ ಬಾಯಿ. ಹಲ್ಲಿನ ಸೆಟ್ಟು ಕಟ್ಟುವವನ ಸ್ವಂತ ಅಣ್ಣ ಹಲ್ಲು ಕಟ್ಟಿಸಿಕೊಳ್ಳದೆ ಓಡಾಡುವುದು ಮೇಸ್ತ್ರಿಗೆ ಯಾವಾಗಲೂ ಕಣ್ಣಿಗೆ ಕಸ ಬಿದ್ದಂತೆ. ಎಷ್ಟು ಹೇಳಿದರೂ ಅಣ್ಣ ಕೇಳಿದವನಲ್ಲ.

"ತೂಕ ಎಷ್ಟು?" ಎಂದ ಅಣ್ಣ. ಕ್ರೇನಿನವನ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಮಿತಿಯೊಳಗೇ ಇದೆ."

ಆಗ ಅದು ಸತ್ಯವೇ ಆಗಿತ್ತು.

ಆ ಮಿತಿಯ ಕತೆ ಹೇಳಿಬಿಡಬೇಕು. ಅಣ್ಣನೇ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ಯಾರೋ ಸದಸ್ಯನ ಭಾರೀ ವಿಮಾನವೊಂದು ಮೈದಾನದ ಬೇಲಿ ದಾಟಿ ಬಿದ್ದು, ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿನ ಕಾಲು ಮುರಿಯಿತು. ಆಸ್ಪತ್ರೆಯಿಂದ ನೇರ ಮೈದಾನಕ್ಕೆ ಬಂದ ಅಣ್ಣ, ಶೆಡ್ಡಿನ ಗೋಡೆಯ ಮೇಲೆ ತಾನೇ ಬ್ರಷ್ ಹಿಡಿದು ಒಂದು ಕಾನೂನು ಬರೆದ. ಇಪ್ಪತ್ತೈದು ಕಿಲೋ ದಾಟಿದ ವಿಮಾನವನ್ನು ಹಾರಿಸುವಂತಿಲ್ಲ, ಓಡಿಸುವಂತಿಲ್ಲ, ಇತ್ಯಾದಿ. ಬರೀ 'ಇಲ್ಲ'ಗಳೇ ತುಂಬಿದ ಆ ಗೋಡೆಗೆ ಸದಸ್ಯರು 'ಇಲ್ಲದ ಗೋಡೆ' ಎಂದು ಹೆಸರಿಟ್ಟರು. ನಗುತ್ತ ನಗುತ್ತಲೇ ಪಾಲಿಸಿದರು. ಆಮೇಲೆ ಯಾರ ಕಾಲೂ ಮುರಿಯಲಿಲ್ಲ.

ಬಾಂಬರಿನ ತೂಕವನ್ನು ಮೇಸ್ತ್ರಿ ಮನೆಯಲ್ಲೇ, ನಿಂತು ನೋಡುವ ತೂಕದ ಯಂತ್ರದ ಮೇಲೆ, ಭಾಗಭಾಗವಾಗಿ ನೋಡಿದ್ದ. ಎಲ್ಲ ಸೇರಿ ಮಿತಿಗಿಂತ ಒಂದಿಷ್ಟು ಕಡಿಮೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಆಕಾಶದಲ್ಲಿ ಮುಗಿಯುತ್ತಿತ್ತು.

ಆದರೆ ಈ ಬಾಂಬರಿಗೆ ಬಾಲದ ತುದಿಯಲ್ಲಿ ಒಂದು ಗಾಜಿನ ಗೂಡು. ಅದರಲ್ಲಿ ಒಬ್ಬ ಬಂದೂಕಿನವನು ಹಿಂದೆ ಮುಖಮಾಡಿ ಕೂತು ಬೆನ್ನು ಕಾಯಬೇಕು. ಬೇರೆಯವರು ಅಲ್ಲಿ ಥರ್ಮಾಕೋಲಿನ ಬೊಂಬೆ ಕೂರಿಸಿ ಕೈತೊಳೆದುಕೊಳ್ಳುತ್ತಾರೆ. ಗಾಜಿನ ಗೂಡು ನೋಡುತ್ತಲೇ ಮೇಸ್ತ್ರಿಗೆ ಕ್ರೇನಿನ ಗೂಡು ನೆನಪಾಯಿತು. ಅಲ್ಲಿ ಕೂರಬೇಕಾದವನು ಯಾರೆಂದೂ ಗೊತ್ತಾಯಿತು. ಅಣ್ಣನ ಮುಖದ ಆ ಗಂಟುಹುಬ್ಬು, ಆ ಮೊಂಡುಮೂಗು ಥರ್ಮಾಕೋಲಿನಲ್ಲಿ ಬರುತ್ತದೆಯೇ? ಅವನಿಗೆ ಬರುವುದು ಒಂದೇ ವಿದ್ಯೆ. ಹಲ್ಲಿನ ಅಚ್ಚಿಗೆ ಬಳಸುವ ಗಟ್ಟಿ ಪ್ಲಾಸ್ಟರನ್ನು ಕಲಸಿ, ಹುಯ್ದು, ಹಲ್ಲು ಕೆತ್ತುವ ಚಾಕುವಿನಲ್ಲಿ ತಲೆಯಿಂದ ಬೂಟಿನವರೆಗೆ ಅಣ್ಣನನ್ನು ಕಡೆದ. ನುಣ್ಣಗೆ ಬಂತು. ಕಲ್ಲಿನಂತೆ ಭಾರವಾಗಿಯೂ ಬಂತು.

ಬಾಲ ಭಾರವಾದರೆ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಮೂತಿಗೆ ಸೀಸ ತುಂಬಿ ಸರಿತೂಗಿಸಬೇಕು. ಈ ವಿಮಾನದ್ದು ಗಿಡ್ಡ ಮೂತಿ, ಉದ್ದ ಬಾಲ. ಬಾಲದಲ್ಲಿ ಒಂದು ಹಿಡಿ ಹೆಚ್ಚಿದರೆ ಮೂತಿಗೆ ಮೂರು ನಾಲ್ಕು ಹಿಡಿ ಬೇಕು. ಮೇಸ್ತ್ರಿ ಸೀಸದ ಗುಂಡುಗಳನ್ನು ಮೂತಿಯೊಳಗೆ ಸುರಿದು, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಅಂಟನ್ನೇ ಮೇಲೆ ಹುಯ್ದ. ಅದು ಒಮ್ಮೆ ಕಚ್ಚಿತೆಂದರೆ ಕಚ್ಚಿತು.

"ಇನ್ನೊಂದ್ಸಲ ತೂಕ ನೋಡಲ್ವಾ?" ಎಂದಳು ಹೆಂಡತಿ.

"ಬೇಡ ಬಿಡು. ಅಷ್ಟೇನೂ ವ್ಯತ್ಯಾಸ ಆಗಲ್ಲ."

"ನಾನೂ ಮದುವೆ ಊಟ ಮುಗಿಸಿ ಬಂದ ಮೇಲೆ ತೂಕ ನೋಡ್ಕೊಳ್ಳಲ್ಲ. ಇದೇ ಮಾತು ಹೇಳ್ತೀನಿ."

ಮೇಸ್ತ್ರಿ ಮುಖ ತಿರುಗಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಆ ತೂಕದ ಯಂತ್ರವನ್ನು ಕಾಲಿನಿಂದ ಮಂಚದಡಿ ತಳ್ಳಿ, ಅಣ್ಣನನ್ನು ಬಾಲದಲ್ಲಿ ಕೂರಿಸಿ ಗಾಜು ಮುಚ್ಚಿದ.

ಹಾರಾಟದ ದಿನ ಗಾಳಿಯಿರಲಿಲ್ಲ. ಆಕಾಶ ಒಗೆದು ಹರವಿದ ಹೊದಿಕೆಯಂತಿತ್ತು. ಮೈದಾನದಲ್ಲಿ ರೆಕ್ಕೆ ಜೋಡಿಸಿ, ಅರಳಿದ ಬಾಂಬರನ್ನು ನಿಲ್ಲಿಸಿದಾಗ, ಮದುವೆ ಎಂದು ಹಾಸ್ಯ ಮಾಡಿದ್ದವರೂ ಫೋನು ತೆಗೆದು ಫೋಟೋ ಹಿಡಿದರು. ಒಂಟಿಯಾಗಿರುವ ಅಣ್ಣನನ್ನು ಮನೆಯಿಂದ ಕೈಹಿಡಿದು ಕರೆತಂದವಳು ಮೇಸ್ತ್ರಿಯ ಹೆಂಡತಿ.

"ಕಾಣ್ತಾ ಭಾವ?"

ಅಣ್ಣ ವಿಮಾನದಿಂದ ಮುಖ ಪಕ್ಕಕ್ಕೆ ತಿರುಗಿಸಿದ. ಅಂದರೆ ನೋಡುತ್ತಿದ್ದಾನೆ ಎಂದರ್ಥ. ಬಹಳ ಹೊತ್ತು ನೋಡಿದ.

"ಕಿತ್ತಳೆ" ಎಂದ. "ಎಡಗಡೆ ಕಿತ್ತಳೆ. ಬಲಗಡೆ ಪಟ್ಟೆ. ಕಾಣ್ತಿದೆ ಕಣೋ." ಅವನ ಬೆರಳುಗಳು ಆಗಲೇ ಕಾಣದ ರಿಮೋಟಿನ ಮೇಲೆ ಅಲುಗುತ್ತಿದ್ದವು.

ಎಲ್ ಬೋರ್ಡ್ ಶೆಡ್ಡಿನಿಂದ ತೂಕದ ಹಲಗೆ ತಂದಿಟ್ಟ. ನಾಲ್ಕು ಜನ ವಿಮಾನವನ್ನೆತ್ತಿ ಅದರ ಮೇಲಿಟ್ಟರು. ಅಂಕಿ ಓಡಿ ನಿಂತಿತು. ಎಲ್ ಬೋರ್ಡ್ ಅದನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ಆಮೇಲೆ ಟೋಪಿ ತೆಗೆದು ಅಂಕಿಯ ಮೇಲಿಟ್ಟ.

"ಸರಿಯಾಗಿದೆ. ಇಳಿಸಿ, ಇಳಿಸಿ."

"ಎಷ್ಟು?" ಎಂದ ಅಣ್ಣ.

"ಮಿತಿಯೊಳಗೇ ಅಣ್ಣ" ಎಂದ ಎಲ್ ಬೋರ್ಡ್.

"ಇಪ್ಪತ್ತು ವರ್ಷ ಲೋಡು ಎತ್ತಿದೀನಿ. ತೂಕ ಸರಿ ಇದ್ರೆ ಜನ ಅಂಕಿ ಹೇಳ್ತಾರೆ. ಎಷ್ಟು?"

"ಕಾಲು ಕಿಲೋ ಹೆಚ್ಚು" ಎಂದ ಎಲ್ ಬೋರ್ಡ್, ತಪ್ಪು ತನ್ನದೇ ಎಂಬಂತೆ. "ಕಾಲು ಕಿಲೋ ಏನು ಮಹಾ. ನಾನು ನೋಡೇ ಇಲ್ಲ ಅಂದ್ಕೊಳ್ಳಿ ಅಣ್ಣ."

"ನೋಡದೆ ಇರೋನು ನಾನಪ್ಪ. ಆ ಕೆಲಸಾನೂ ಕಿತ್ಕೋಬೇಡ."

"ಒಂದು ನಿಮಿಷ" ಎಂದವನೇ ಮೇಸ್ತ್ರಿ ಬಾಲದ ಬಳಿ ಮಂಡಿಯೂರಿ, ಗಾಜು ಬಿಚ್ಚಿ, ಬೊಂಬೆಯನ್ನು ಹೊರಗೆಳೆದ. ಅಂಕಿ ಇಳಿಯಿತು. ಸಾಲದು; ಇನ್ನೂ ನೂರು ಗ್ರಾಂ ಹೆಚ್ಚು. ಸಾಲದ್ದಕ್ಕೆ ಬಾಲ ಹಗುರಾಗಿ ಈಗ ಮೂತಿ ಭಾರ. ಮೂತಿಯ ಸೀಸವೋ, ಬಂಡೆಯಾಗಿ ಕೂತಿತ್ತು. ಬಂದೂಕು, ಬಾಂಬು, ಏಣಿ, ಯಾವುದನ್ನು ಎಳೆದರೂ ಅಲುಗಲಿಲ್ಲ. ಒಂದೇ ಒಂದು ಸ್ಕ್ರೂ ಕಾಣದಂತೆ ಎಲ್ಲವನ್ನೂ ಆ ಗುಲಾಬಿ ಅಂಟಿನಲ್ಲೇ ಕೂರಿಸಿದ್ದೇನೆಂದು ಅವನು ಹೋದವಾರವಷ್ಟೇ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದ.

ಸಾಮಾನಿನ ಪೆಟ್ಟಿಗೆಯಿಂದ ಗರಗಸ ತೆಗೆದು ಅವನು ವಿಮಾನದ ಬೆನ್ನಮೇಲಿನ ಬಂದೂಕಿನ ಗೂಡಿಗೆ ಇಟ್ಟೇಬಿಟ್ಟ. ಕರ್ರ್ ಎಂದ ಸದ್ದಿಗೆ ಅಣ್ಣ ಬೆಚ್ಚಿ, ಸದ್ದಿನ ಜಾಡು ಹಿಡಿದು ಬಂದು ಅವನ ಮಣಿಕಟ್ಟು ಹಿಡಿದ.

"ಬಿಡು."

"ಐದು ನಿಮಿಷ ಅಣ್ಣ. ಈ ಗೂಡೊಂದು ಹೋದ್ರೆ ತೂಕ ಸರಿಹೋಗುತ್ತೆ."

"ಮೂತಿ ಭಾರ ಹೋಗುತ್ತಾ? ಕುಯ್ದ ಬೆನ್ನು ಮೇಲೆ ಗಾಳೀಲಿ ನಿಲ್ಲುತ್ತಾ? ಇಪ್ಪತ್ತೈದು ಕಿಲೋ ಯಾರ ಮೇಲೆ ಬೀಳುತ್ತೆ ಅಂತ ನಿಂಗೊತ್ತಾ? ನಂಗಂತೂ ಕಾಣಲ್ಲ."

"ಸೀಸ ಬಿಡಿಸೋಕೆ ಮೂತೀನೇ ಒಡೀಬೇಕು. ಹೊಸ ಮೂತಿಗೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ..." ಮೇಸ್ತ್ರಿಯ ಹೆಂಡತಿ ಬೇಲಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಅಣ್ಣ ತಮ್ಮನ ಇನ್ನೊಂದು ಕೈಲಿದ್ದ ಬೊಂಬೆಯನ್ನು ಈಸಿಕೊಂಡ. ಕೈಯಲ್ಲೇ ತೂಗಿದ. "ಇದೇನಾ ಲೋಡು?" ಹೆಬ್ಬೆರಳಿನಿಂದ ಹಣೆ, ಹುಬ್ಬು, ಮೂಗು ಸವರಿದ. ಮೂಗಿನ ಮೇಲೆ ಬೆರಳು ನಿಂತಿತು. ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ.

"ನನ್ನ ಯಾಕೋ ಬಾಲದಲ್ಲಿ ಕೂರಿಸಿದೆ?"

"ಹಿಂದಿಂದ ನೋಡ್ಕೊಳ್ತಿದ್ದೋನು ನೀನೇ ಅಲ್ವಾ."

ಅಣ್ಣನ ಬೆರಳು ಬೊಂಬೆಯ ಬಾಯಿಗೆ ಇಳಿಯಿತು. "ಹಲ್ಲೆಲ್ಲ ಇದೆ."

"ಬಾಯಿಗೆ ಹಾಕಿಸ್ಕೋ ಅಂದ್ರೆ ಕೇಳಿದ್ಯಾ? ಅದಕ್ಕೆ ಇಲ್ಲಾದ್ರೂ ಹಾಕಿದೆ."

ಅಣ್ಣ ನಗಲು ನೋಡಿದ. ಆಗಲಿಲ್ಲ. ಬೊಂಬೆಯನ್ನು ಅಂಗಿಯ ಜೇಬಿಗೆ ಇಳಿಸಿದ, ಜೇಬು ಜೋತುಬಿತ್ತು.

"ಹಾರಿಸೋದು ಬೇಡ" ಎಂದ ಮೇಸ್ತ್ರಿ, ಮಗುವಿನಂತೆ. "ನೆಲದ ಮೇಲೇ ಒಂದು ಸುತ್ತು ಓಡಿಸು. ಅದೂ ಬೇಡ ಅಂದ್ರೆ, ನಾಲ್ಕು ಜನ ಬಾಲ ಹಿಡ್ಕೋತೀವಿ, ಎಂಜಿನ್ ಒಂದು ಚಾಲೂ ಮಾಡು. ನಿನ್ನ ಕೈಯಿಂದ. ಸದ್ದಾದ್ರೂ ಕೇಳು."

ಅಣ್ಣನ ಕೈ ಮುಂದೆ ಬಂತು. ತಮ್ಮ ಚಾಚಿದ ರಿಮೋಟಿನ ಅಂಚು ಬೆರಳಿಗೆ ತಗುಲಿತು. ಅಷ್ಟರಲ್ಲಿ ಅವನ ಮುಖ ಶೆಡ್ಡಿನ ಗೋಡೆಯಿಂದ ಪಕ್ಕಕ್ಕೆ ತಿರುಗಿತು. ಅಂದರೆ ಗೋಡೆಯನ್ನು ನೋಡುತ್ತಿದ್ದ. ಅಕ್ಷರ ಕಾಣುವ ಮಾತಿರಲಿಲ್ಲ, ಬಾಯಿಪಾಠವಿತ್ತು.

"ಹಾರಿಸುವಂತಿಲ್ಲ, ಓಡಿಸುವಂತಿಲ್ಲ" ಎಂದು ಮೆಲ್ಲಗೆ ಓದಿದ. "ಆಮೇಲೆ ಇನ್ನೊಂದಿದೆ. ಏನದು?"

ಎಲ್ ಬೋರ್ಡ್ ಗೋಡೆಯ ಕಡೆ ನೋಡಲಿಲ್ಲ. ತನ್ನ ಟೋಪಿ ನೋಡಿಕೊಂಡ. "ಎಂಜಿನ್ ಚಾಲೂ ಮಾಡುವಂತಿಲ್ಲ" ಎಂದ.

ಅಣ್ಣ ಕೈ ಹಿಂದೆಗೆದುಕೊಂಡ.

"ಏನೂ ಬಿಟ್ಟಿಲ್ಲ ನೋಡು" ಎಂದ. "ಎಷ್ಟು ಚೆನ್ನಾಗಿ ಬರೆದಿದೀನಿ."